ಬಿಸಿಲೂರಿನ ಕೋಟೆ, ಮಳೆಯೂರಿನ ಟ್ಯಾಂಕರ್

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಮೊದಲೇ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ರಾಜಸ್ಥಾನದ ಫೋಟೊಗಳು ಓಡಾಡಲು ಶುರುವಾಗುತ್ತವೆ. ಗುಲಾಬಿ ಜೈಪುರ, ನೀಲಿ ಜೋಧಪುರ, ಹೊಂಬಣ್ಣದ ಜೈಸಲ್ಮೇರ್, ಒಂಟೆ, ಪಗಡಿ, ಮೇಲೊಂದು ರೀಲ್ಸ್. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಣ್ಣ, ಗೋಡೆ ಮಾತ್ರ ನೋಡಿ ಬಂದರೆ ಕೋಟೆಯ ಅರ್ಧವನ್ನಷ್ಟೇ ನೋಡಿದ ಹಾಗೆ. ಉಳಿದ ಅರ್ಧ ಇರುವುದು ನೀರಿನಲ್ಲಿ. ಅದನ್ನು ನೋಡಬೇಕಾದ ಅಗತ್ಯ ಬಿಸಿಲುಸೀಮೆಯವರಿಗಿಂತ ಕರಾವಳಿಯ ನಮಗೇ ಹೆಚ್ಚು ಎಂಬುದು ನನ್ನ ವಾದ.

ರಾಜಸ್ಥಾನಕ್ಕೆ ದುಡ್ಡು ಸಾಲದಿದ್ದರೆ ಬೇಸರವಿಲ್ಲ. ಬಿಸಿಲು, ಕೋಟೆ, ಅರಮನೆ ಮೂರೂ ಒಟ್ಟಿಗೆ ಸಿಗುವ ಸೀಮೆ ನಮ್ಮ ರಾಜ್ಯದಲ್ಲೇ ಇದೆ: ವಿಜಯಪುರ, ಕಲಬುರಗಿ, ಬೀದರ್. ವಿಜಯಪುರದಲ್ಲಿ ಎಲ್ಲರೂ ಮೊದಲು ಗೋಳಗುಮ್ಮಟ ಹತ್ತುತ್ತಾರೆ. ಪಿಸುಮಾತಿನ ಗ್ಯಾಲರಿ ಎಂದು ಹೆಸರು; ಅಲ್ಲಿ ಪಿಸುಗುಟ್ಟುವವರನ್ನು ಮಾತ್ರ ನಾನು ಕಾಣಲಿಲ್ಲ, ಎಲ್ಲರೂ ಕೂಗುವವರೇ. ಅಲ್ಲಿಂದ ಇಳಿದ ಮೇಲೆ ತಾಜ್ ಬಾವಡಿಗೆ ಹೋಗಬೇಕು. 1620ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ್ದು. ದೊಡ್ಡ ಕಮಾನು, ಎರಡು ಬದಿಯಲ್ಲಿ ಎಂಟು ಮೂಲೆಯ ಗೋಪುರ, ಒಳಗೆ ಇಳಿಯಲು ಮೆಟ್ಟಿಲು. ಬಾವಿಗೂ ಅರಮನೆಯ ಬಾಗಿಲು ಇಟ್ಟ ಊರು ಅದು.

ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಊರೊಳಗೆ ಅಲ್ಲಲ್ಲಿ ನಿಂತಿರುವ ಕಲ್ಲಿನ ಕಂಬದಂಥ ಗೋಪುರಗಳು. ಅಲ್ಲಿ ಅದಕ್ಕೆ ಗಂಜ್ ಎನ್ನುತ್ತಾರೆ. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಕೊಳವೆ ಒಡೆಯದಂತೆ ಒತ್ತಡ ಇಳಿಸುವುದು, ಹೂಳು ತಳದಲ್ಲಿ ನಿಲ್ಲುವಂತೆ ಮಾಡುವುದು ಗಂಜ್‌ನ ಕೆಲಸ. ನಾವು ಬ್ರೇಕ್ ಪ್ರೆಷರ್ ಟ್ಯಾಂಕ್ ಎಂದು ಐದು ಮಾರ್ಕಿಗೆ ಚಿತ್ರ ಬರೆದು ಮರೆಯುತ್ತೇವಲ್ಲ, ಅದೇ ಇದು. ಪಂಪ್ ಇಲ್ಲ, ಕರೆಂಟ್ ಇಲ್ಲ, ಬರೀ ಇಳಿಜಾರು. ಅದರ ಮುಂದೆ ನಿಂತು ಫೋಟೊ ತೆಗೆಯುವವರು ಯಾರೂ ಇರಲಿಲ್ಲ.

ಬೀದರ್ ಇನ್ನೂ ಹತ್ತಿರದ ಪಾಠ. ಬಹಮನಿಗಳು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಅಲ್ಲಿಗೆ ತಂದರು. ಕೋಟೆಯೊಳಗಿನ ರಂಗೀನ್ ಮಹಲ್‌ನಲ್ಲಿ ಬಣ್ಣದ ಹೆಂಚು, ಮರದ ಕೆತ್ತನೆ, ಕಪ್ಪು ಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು. ಪೇಟೆಯಲ್ಲಿ 1472ರ ಮಹಮೂದ್ ಗವಾನನ ಮದರಸಾ. ಇಷ್ಟೆಲ್ಲ ನಿಂತಿರುವ ನೆಲ ಯಾವುದು ಗೊತ್ತೇ? ನಮ್ಮ ಮನೆ ಗೋಡೆಯ ಅದೇ ಮುರಕಲ್ಲು. ಈ ಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುತ್ತದೆ, ಕೆಳಗಿನ ಗಟ್ಟಿ ಕಪ್ಪುಶಿಲೆಯ ಮೇಲೆ ನಿಲ್ಲುತ್ತದೆ. ನೌಬಾದ್‌ನ ಕರೇಜ್ ಆ ಎರಡರ ಸಂದಿಯ ನೀರನ್ನೇ ಹಿಡಿಯುವ ಸುರಂಗ. ಪರ್ಷಿಯಾದಿಂದ ಬಂದ ವಿದ್ಯೆ. ಮೇಲಿನಿಂದ ಗಾಳಿಬಾವಿಗಳ ಸಾಲು, ಕೆಳಗೆ ತಾನಾಗಿ ಹರಿಯುವ ನೀರು. ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ಇದನ್ನು ಸುಮಾರು ಹತ್ತು ವರ್ಷದ ಹಿಂದೆ ಶುಚಿ ಮಾಡಿದರು. ಅದೇ ಊರಿನ ಗುರುನಾನಕ್ ಝೀರಾದ ಸಿಹಿನೀರು, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕಾದ ಝರಣಿ ನರಸಿಂಹನ ಗುಹೆ, ಎರಡಕ್ಕೂ ನೀರು ಕೊಡುವುದು ಆ ಮುರಕಲ್ಲೇ.

ಈಗ ನಮ್ಮೂರಿಗೆ ಬರುತ್ತೇನೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಕಷ್ಟ. ವಿಜಯಪುರದಲ್ಲಿ 600ರ ಆಸುಪಾಸು. ಉಡುಪಿ ಜಿಲ್ಲೆಯಲ್ಲಿ ಸುಮಾರು 4,000. ಶಂಕರನಾರಾಯಣದ ಹತ್ತಿರವೇ ವಾರಾಹಿ ಹರಿಯುತ್ತಾಳೆ, ದೇವಸ್ಥಾನದ ಬಳಿ ಕೋಟಿತೀರ್ಥವಿದೆ. ಆದರೂ ಏಪ್ರಿಲ್ ಬಂತೆಂದರೆ ಕುಂದಾಪುರ ಕಡೆಯ ಎಷ್ಟೋ ಗುಡ್ಡದ ಮನೆಗಳಲ್ಲಿ ಬಾವಿಯ ತಳ ಕಾಣುತ್ತದೆ, "ಹ್ವಾಯ್, ಟ್ಯಾಂಕರ್ ಬಂತಾ?" ಎಂಬ ಕೂಗು ಶುರುವಾಗುತ್ತದೆ. ಜೂನ್‌ನಲ್ಲಿ ಅಂಗಳ ತುಂಬಿದ ನೀರನ್ನು ಕಣಿ ತೋಡಿ ಹೊರಗೆ ಕಳಿಸುವುದೂ ನಾವೇ.

ಮಳೆ ಕಡಿಮೆಯಾಯಿತು ಎಂದು ಆಕಾಶವನ್ನು ಬೈಯುವುದು ಸುಲಭ. ನೀರು ಇಂಗಬೇಕಾದ ಮುರಕಲ್ಲಿನ ಗುಡ್ಡವನ್ನು ಕ್ವಾರಿಗೆ ಕೊಟ್ಟವರು, ಮದಗಕ್ಕೆ ಮಣ್ಣು ತುಂಬಿ ಸೈಟ್ ಮಾಡಿದವರು, ಹೊಳೆಗೆ ವರ್ಷವರ್ಷ ಹಾಕುತ್ತಿದ್ದ ಕಟ್ಟವನ್ನು ಬಿಟ್ಟವರು ಯಾರು? 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಬಾಗಿಲಿಗೆ ನಲ್ಲಿ ತಂದಿತು, ಒಳ್ಳೆಯದೇ. ಆದರೆ ಮೂಲದ ಬಾವಿಯೇ ಬತ್ತಿದರೆ ನಲ್ಲಿ ಏನು ಮಾಡೀತು?

ನಲ್ಲಿಯೊಂದೇ ಸಾಲದು ಎಂಬುದಕ್ಕೆ ಜೈಸಲ್ಮೇರೇ ಸಾಕ್ಷಿ. 1156ರಲ್ಲಿ ಹುಟ್ಟಿದ ಆ ಕೋಟೆಯಲ್ಲಿ ಇಂದಿಗೂ ಜನ ವಾಸವಿದ್ದಾರೆ. ನೀರನ್ನು ಹೊತ್ತು ತಂದು ಎಣಿಸಿ ಬಳಸುತ್ತಿದ್ದ ಕಾಲದಲ್ಲಿ ಗೋಡೆಗೆ ತೊಂದರೆ ಇರಲಿಲ್ಲ. ಆಮೇಲೆ ಪೈಪ್ ಬಂತು, ಪ್ರವಾಸಿಗರಿಗಾಗಿ ಹೋಟೆಲ್‌ಗಳು ಬಂದವು, ಬಳಸಿದ ನೀರು ಹೊರಹೋಗುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬರಲಿಲ್ಲ. ನೀರು ಅಡಿಪಾಯಕ್ಕೆ ಇಂಗಿ, ಕಳೆದ ಶತಮಾನದ ಕೊನೆಯಲ್ಲಿ ಕೆಲವು ಬುರುಜುಗಳೇ ಕುಸಿದವು. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರಾಜಸ್ಥಾನದ ಆರು ಕೋಟೆಗಳಲ್ಲಿ ಅದೂ ಒಂದು. ಅಲ್ಲಿ ರೂಮ್ ಮಾಡಿ ಎರಡು ಹೊತ್ತು ಶವರ್ ಹಾಕುವ ನಮ್ಮ ಗೆಳೆಯರಿಗೆ ಇದು ತಿಳಿದಿರಬೇಕು.

ಹಳೆಯ ವಿದ್ಯೆ ಈಗ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಬಂಟ್ವಾಳದ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಯಾವ ಡಿಗ್ರಿಯೂ ಇಲ್ಲದೆ, ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು ಬೋಳುಜಾಗದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಸರಗೋಡು, ಪುತ್ತೂರು ಕಡೆ ಇಂಥ ಸುರಂಗಗಳ ನೀರು ಕುಡಿಯುವ ಮನೆಗಳು ಇನ್ನೂ ಇವೆ.

ಹಾಗಾಗಿ ಕಾಲೇಜುಗಳ ಇಂಡಸ್ಟ್ರಿಯಲ್ ವಿಸಿಟ್ ಪಟ್ಟಿಗೆ ನೌಬಾದ್, ಬೇಗಂ ತಲಾಬ್ ಸೇರಲಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಂಗಡಿಯಿಂದ ರಿಪೋರ್ಟ್ ಕೊಳ್ಳುವ ಬದಲು ಸಿವಿಲ್‌ನ ನಾಲ್ವರು ಸೇರಿ ತಮ್ಮ ಗ್ರಾಮದ ಮದಗ, ಕಟ್ಟ, ಬಾವಿಗಳ ನಕ್ಷೆ ಮಾಡಿ, ತಿಂಗಳು ತಿಂಗಳು ನೀರಿನ ಮಟ್ಟ ಅಳೆದು ಪಂಚಾಯತಿಗೆ ಕೊಡಲಿ. ಖರ್ಚು ಒಂದು ಟೇಪು, ಒಂದು ಹಗ್ಗ. ಬೀದರಿಗೆ ಹೋಗುವವರಿಗೆ ಒಂದು ಮಾತು: 2017ರಿಂದ ಕಲಬುರಗಿ ಮತ್ತು ಬೀದರ್ ನಡುವೆ ರೈಲಿದೆ. ಬೇಸಿಗೆ ಬಿಟ್ಟು, ಮಳೆ ಮುಗಿದ ಕೂಡಲೇ ಹೋದರೆ ಕರೇಜ್‌ನಲ್ಲಿ ನೀರೂ ಚೆನ್ನಾಗಿರುತ್ತದೆ.