ಹಬ್ಬ ಮನೆಯದು, ವಿಶ್ವಾಸ ಯಾರದು?

ಪಾಸ್ಖ ಹಬ್ಬ ಕಳೆದ ವಾರದಲ್ಲಿ ಮನೆಗಳನ್ನು ಆಶೀರ್ವದಿಸಲೆಂದು ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನ ಕಡೆಗೆ ಹೋಗಿದ್ದೆ. ಬಂಡೀಪುರದ ಕಾಡು ಹೊಲದ ಬೇಲಿಯವರೆಗೂ ಬಂದು ನಿಲ್ಲುವ ನೆಲ ಅದು. ಒಂದು ಮನೆಯ ಬಾಗಿಲ ಮೇಲೆ ಗರಿಗಳ ಭಾನುವಾರದ ಗರಿಯಿಂದ ಹೆಣೆದ ಪುಟ್ಟ ಶಿಲುಬೆ ಇತ್ತು. ಮೈಸೂರಿನ ಕಾರ್ಖಾನೆಯಲ್ಲಿ ದುಡಿಯುವ ಮಗ ರಜೆಗೆ ಬಂದಿದ್ದ. ನಾನು ಅದನ್ನು ನೋಡುತ್ತಿದ್ದುದನ್ನು ಕಂಡು, “ಇದೆಲ್ಲ ಮೂಢನಂಬಿಕೆ ಫಾದರ್. ವಿಶ್ವಾಸ ಮನಸ್ಸಿನಲ್ಲಿದ್ದರೆ ಸಾಲದೇ?” ಎಂದ. ಒಳಗಿನಿಂದ ತಂದೆ, “ನಮ್ಮಪ್ಪನ ಕಾಲದಿಂದ ಕಟ್ಕೊಂಡು ಬಂದಿದ್ದೀವಿ ಸ್ವಾಮಿ, ಕಟ್ತೀವಿ. ಯಾಕೆ ಅಂತ ನಾವ್ಯಾರೂ ಕೇಳಿದವರಲ್ಲ” ಎಂದರು.

ಇಬ್ಬರದೂ ಒಂದೇ ತಪ್ಪು ಎಂಬುದು ನನ್ನ ವಾದ. ಆಚರಣೆ ಬೇರೆ, ವಿಶ್ವಾಸ ಬೇರೆ ಎಂದು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಗರಿಯನ್ನು ಎಸೆದರೂ ವಿಶ್ವಾಸ ಉಳಿದೀತೆಂದು ಮಗ ಎಣಿಸುತ್ತಾನೆ. ಗರಿಯನ್ನು ಕಟ್ಟಿದರೆ ಸಾಕು, ವಿಶ್ವಾಸ ತಾನಾಗಿ ಮಗನಿಗೆ ದಾಟುತ್ತದೆಂದು ತಂದೆ ನಂಬಿದ್ದಾರೆ.

ಮೊದಲು ಮಗನಿಗೆ ಒಂದು ಮಾತು. ಮನಸ್ಸಿನಲ್ಲಿದೆ ಎನ್ನುವ ಆ ವಿಶ್ವಾಸ ನಿನ್ನ ಮನಸ್ಸಿಗೆ ಬಂದದ್ದಾದರೂ ಎಲ್ಲಿಂದ? ಶಿಲುಬೆಯ ಗುರುತು ಹಾಕಲು ನಿನ್ನ ಕೈಹಿಡಿದು ಕಲಿಸಿದವರು ಯಾರು? ಜ್ಞಾನಸ್ನಾನದ ದಿನ ನಿನಗೆ ಬಾಯಿ ಬಾರದಿದ್ದಾಗ ನಿನ್ನ ಪರವಾಗಿ ಉತ್ತರಿಸಿದವರು ಯಾರು? ಯೇಸುಸ್ವಾಮಿಯೂ ಮನೆಯ ಸಂಪ್ರದಾಯದಲ್ಲಿಯೇ ಬೆಳೆದವರು. ಮರಿಯಮ್ಮನವರು, ಜೋಸೆಫರು ಪ್ರತಿವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕರು ಬರೆಯುತ್ತಾರೆ. ಹನ್ನೆರಡರ ಬಾಲಕ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳಿದ್ದು ಅಂಥದೊಂದು ಯಾತ್ರೆಯಲ್ಲಿಯೇ. ತಂದೆತಾಯಿ ಹಬ್ಬಕ್ಕೆ ಕರೆದೊಯ್ಯದಿದ್ದರೆ ಆ ಪ್ರಶ್ನೆಗಳಿಗೆ ಎಡೆಯೆಲ್ಲಿತ್ತು?

ಮಗನನ್ನು ಗದರಿಸುವ ಹಕ್ಕು ನನಗೆ ಪೂರ್ತಿಯಾಗಿ ಇಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಗುರುಮಠದ ಓದು ತಲೆಯಲ್ಲಿ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ನಾನೂ ಅವನಂತೆಯೇ ಮಾತನಾಡಿದ್ದೇನೆ. ಪಾಸ್ಖ ಜಾಗರಣೆಯಲ್ಲಿ ಮಂತ್ರಿಸಿದ ತೀರ್ಥವನ್ನು ಒಬ್ಬ ಅಜ್ಜಿ ಶೀಶೆಯಲ್ಲಿ ಒಯ್ದು ಕೊಟ್ಟಿಗೆಯ ಹಸುವಿಗೆ ಚಿಮುಕಿಸುವುದನ್ನು ಕಂಡು, ಅದು ತಪ್ಪೆಂದು ತಿಳಿಹೇಳಲು ಹೋದೆ. ಆಕೆ, “ಸ್ವಾಮಿ, ದೇವ್ರು ಎದ್ದ ಸುದ್ದಿ ಅದಕ್ಕೂ ಗೊತ್ತಾಗ್ಲಿ ಅಂತ ಹಾಕ್ದೆ” ಎಂದಳು. ಸೃಷ್ಟಿಯೆಲ್ಲವೂ ಬಿಡುಗಡೆಗಾಗಿ ನರಳುತ್ತಾ ಕಾದಿದೆ ಎಂದು ಸಂತ ಪೌಲರು ರೋಮಿನವರಿಗೆ ಬರೆದುದನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಆಕೆ ಅದನ್ನು ಕೊಟ್ಟಿಗೆಯಲ್ಲಿ ಆಚರಿಸುತ್ತಿದ್ದಳು.

ಇನ್ನು ತಂದೆಯ ಮಾತು. “ಯಾಕೆ ಅಂತ ಕೇಳಿದವರಲ್ಲ” ಎಂಬುದನ್ನು ಅವರು ಭಕ್ತಿಯೆಂದು ತಿಳಿದಿದ್ದಾರೆ. ಆದರೆ ಪಾಸ್ಖವೇ ಪ್ರಶ್ನೆಯ ಹಬ್ಬ. ವಿಮೋಚನಕಾಂಡದ 12ನೇ ಅಧ್ಯಾಯವನ್ನು ತೆರೆದು ನೋಡಿ. ಮನೆಗೊಂದು ಕುರಿಮರಿ, ಬಾಗಿಲ ನಿಲುವುಗಳಿಗೆ ಅದರ ರಕ್ತ, ಹುಳಿಯಿಲ್ಲದ ರೊಟ್ಟಿ. ಅದು ಮನೆಯೊಳಗೆ ನಡೆದ ಹಬ್ಬ. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳಿದಾಗ ಹಿರಿಯರು ಏನು ಹೇಳಬೇಕೆಂಬುದನ್ನೂ ಅಲ್ಲಿ ವಿಧಿಸಲಾಗಿದೆ. ಕೇಳುವ ಮಗುವೂ ಉತ್ತರಿಸುವ ಹಿರಿಯರೂ ಇಲ್ಲದ ಮನೆಯಲ್ಲಿ ಅರ್ಧ ಪಾಸ್ಖ ಮಾತ್ರ ನಡೆಯುತ್ತದೆ. ಜನರ ಭಕ್ತಿಯಾಚರಣೆಗಳನ್ನು ಕುರಿತು ರೋಮ್ ನೀಡಿದ 2001ರ ಮಾರ್ಗದರ್ಶಿಯೂ ಗರಿಗಳ ವಿಷಯದಲ್ಲಿ ಇದನ್ನೇ ಎಚ್ಚರಿಸುತ್ತದೆ: ಮನೆಯಲ್ಲಿಡಿ, ಕ್ರಿಸ್ತರಿಗೆ ಸಾಕ್ಷಿಯಾಗಿ ಇಡಿ, ತಾಯಿತದಂತೆ ಇಡಬೇಡಿ.

ಈ ಪರಿಸ್ಥಿತಿಗೆ ಗುರುಗಳಾದ ನಾವೂ ಹೊಣೆ. ಕುಟುಂಬವನ್ನು ಪುಟ್ಟ ಧರ್ಮಸಭೆಯೆಂದೂ, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿಗಳೆಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಹೇಳಿತು. ನಾವು ಅದನ್ನು ಪ್ರಬೋಧನೆಯಲ್ಲಿ ಹೇಳಿದೆವು, ಹಬ್ಬವನ್ನು ಮಾತ್ರ ಪೂರ್ತಿಯಾಗಿ ಗುಡಿಯೊಳಗೆ ಇಟ್ಟುಕೊಂಡೆವು. ಮನೆಗೆ ಉಳಿದದ್ದು ಹೊಸಬಟ್ಟೆ ಮತ್ತು ಬಿರಿಯಾನಿ. ಜಾಗರಣೆಯು ಕತ್ತಲಾದ ಮೇಲೆಯೇ ನಡೆಯಬೇಕೆಂಬುದು ಧರ್ಮಸಭೆಯ ನಿಯಮ. ಕಾಡಂಚಿನ ಹಳ್ಳಿಯ ವೃದ್ಧರು, ಬಾಣಂತಿಯರು ಆನೆ ತಿರುಗುವ ಹಾದಿಯಲ್ಲಿ ಆ ಹೊತ್ತಿಗೆ ಬರುವುದು ಹೇಗೆ? ಬರಲಾಗದವರ ಕೈಗೆ ನಾವು ಏನನ್ನು ಕೊಟ್ಟಿದ್ದೇವೆ?

ಇದೇ ಕಾಡನ್ನು ದಾಟಿದರೆ ಕೇರಳದ ವಯನಾಡು. ಅಲ್ಲಿಯ ಸಂತ ತೋಮರ ಪರಂಪರೆಯ ಕ್ರೈಸ್ತರು ಪವಿತ್ರ ಗುರುವಾರದ ರಾತ್ರಿ ಮನೆಯಲ್ಲಿಯೇ ಪೆಸಹಾ ಅಪ್ಪವನ್ನು ಮಾಡುತ್ತಾರೆ. ಗರಿಯ ಶಿಲುಬೆಯನ್ನು ಅದರ ಮೇಲಿಟ್ಟು, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಮುರಿದು ಹಂಚುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯವರು ಅಪ್ಪ ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ಅವರ ಸಂಪ್ರದಾಯವನ್ನು ನಾವು ನಕಲು ಮಾಡಬೇಕಿಲ್ಲ. ಮನೆಯ ಊಟದ ಚಾಪೆಯ ಮೇಲೆ ಹಬ್ಬಕ್ಕೆ ಜಾಗವಿದೆ ಎಂಬುದನ್ನು ಅವರಿಂದ ಕಲಿತರೆ ಸಾಕು.

ಪಾಸ್ಖ ಜಾಗರಣೆಯಲ್ಲಿ ಗುರುಗಳು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ನೆನೆಯಿರಿ. ಸೈತಾನನನ್ನು ತ್ಯಜಿಸುವೆಯಾ, ದೇವರನ್ನು ವಿಶ್ವಾಸಿಸುವೆಯಾ ಎಂಬ ಆ ಪ್ರಶ್ನೆಗಳಿಗೆ ಜ್ಞಾನಸ್ನಾನದ ದಿನ ಮನೆಯವರು ಉತ್ತರಿಸಿದ್ದರು. ಈ ರಾತ್ರಿ ನಾವೇ ಉತ್ತರಿಸಬೇಕು. ನನ್ನ ಪರವಾಗಿ ಅಪ್ಪ ಹೇಳಲಾರರು, ಅಪ್ಪನ ಪರವಾಗಿ ತಾತ ಹೇಳಲಾರರು. ಉಳಿದ ಪ್ರೇಷಿತರು ಎಷ್ಟು ಹೇಳಿದರೂ ತೋಮರು ಒಪ್ಪಲಿಲ್ಲ. ಕೊನೆಗೆ ತಮ್ಮ ಬಾಯಿಂದಲೇ ಕ್ರಿಸ್ತರನ್ನು ನನ್ನ ಪ್ರಭು, ನನ್ನ ದೇವರು ಎಂದು ಕರೆದರು. ಆದರೆ ಆ ಉತ್ತರ ಮೂಡಿದ್ದು ಬಾಗಿಲು ಮುಚ್ಚಿದ ಒಂದು ಮನೆಯೊಳಗೆ, ಎಲ್ಲರೂ ಕೂಡಿದ್ದಾಗ.

ಆದುದರಿಂದ ಪ್ರಿಯ ಕುಟುಂಬದವರೇ, ಬರುವ ಪಾಸ್ಖದಂದು ಊಟಕ್ಕೆ ಕೂರುವ ಮುನ್ನ ಹತ್ತು ನಿಮಿಷ ಕೊಡಿ. ಮೇಣದ ಬತ್ತಿ ಹಚ್ಚಿ, ತೀರ್ಥ ಚಿಮುಕಿಸಿ, ಲೂಕರ ಶುಭಸಂದೇಶದಿಂದ ಎಮ್ಮಾವು ಹಾದಿಯ ವೃತ್ತಾಂತವನ್ನು ಮನೆಯ ಕಿರಿಯ ಓದುಗನಿಂದ ಓದಿಸಿ. ಇದೆಲ್ಲ ಯಾಕೆ ಎಂದು ಮಗು ಕೇಳಲಿ. ತಂದೆ ಬಲ್ಲಷ್ಟನ್ನು ಹೇಳಲಿ, ತಾಯಿ ಅದಕ್ಕೆ ಸೇರಿಸಲಿ. ಬಳಿಕ “ನಾನು ವಿಶ್ವಾಸಿಸುತ್ತೇನೆ” ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಲಿ.

ಆ ದಿನ ನಾನು ಹೊರಡುವಾಗ ಮಗನ ಕೈಗೇ ಆ ಗರಿಯ ಶಿಲುಬೆಯನ್ನು ಕೊಟ್ಟು, ಅದರ ಅರ್ಥವನ್ನು ಅಪ್ಪನನ್ನು ಕೇಳೆಂದೆ. ತಂದೆ ಕೊಂಚ ಗಲಿಬಿಲಿಗೊಂಡರು. ಆಮೇಲೆ ಮಗನ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತರು.