ಆಟದ ನೆಪದಲ್ಲಿ ಮಾಹಿತಿ ಸಂಗ್ರಹ: ಹೊಣೆಗಾರಿಕೆಯ ಮುಂದೂಡಿಕೆ ಸಲ್ಲದು

ಖಾಸಗಿತನವು ಸಂವಿಧಾನದ 21ನೇ ವಿಧಿಯ ಅಡಿಯಲ್ಲಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಿಂದಲೇ ಆ ತೀರ್ಪು ದೇಶದ ನ್ಯಾಯಾಲಯಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಹಕ್ಕು ಘೋಷಣೆಯಾದ ಮೇಲೆ ಅದನ್ನು ಕಾಯುವ ಶಾಸನ ರೂಪುಗೊಳ್ಳಲು ಆರು ವರ್ಷ ಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಪ್ರಕಟವಾಗುವ ಹೊತ್ತಿಗೆ 2025ರ ನವೆಂಬರ್ ಬಂದಿತ್ತು. ಪುಟ್ಟಸ್ವಾಮಿ ಅವರು ನಿಧನರಾಗಿ ಒಂದು ವರ್ಷ ಕಳೆದಿತ್ತು. ಅಷ್ಟಾದರೂ, ಕಂಪನಿಗಳ ಮೇಲೆ ನಿಜವಾದ ಹೊಣೆ ಹೊರಿಸುವ ಸೆಕ್ಷನ್‌ಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ತೀರ್ಪು ಬಂದಾಗ ಒಂಬತ್ತು ವರ್ಷದವನಾಗಿದ್ದ ಬಾಲಕ ಆ ಹೊತ್ತಿಗೆ ಹದಿನೆಂಟು ತುಂಬಿದ ಮತದಾರನಾಗಿರುತ್ತಾನೆ. ಅವನ ಬಾಲ್ಯವನ್ನು ಕಾಯಬೇಕಿದ್ದ ಕಾನೂನು ಆ ಬಾಲ್ಯ ಮುಗಿದ ಮೇಲೆ ಅವನ ಮನೆಬಾಗಿಲಿಗೆ ಬರುತ್ತದೆ.

ಈ ಮಾತಿನ ಅರ್ಥ ತಿಳಿಯಲು ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಿಗೆ ಹೋದರೆ ಸಾಕು. ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ತಂದೆ ಮಗ್ಗದ ಮುಂದೆ ನಿಂತಿರುತ್ತಾನೆ, ತಾಯಿ ಕಂಡಿಕೆ ಸುತ್ತುತ್ತಿರುತ್ತಾಳೆ, ಮನೆಗೆ ಇರುವ ಒಂದೇ ಸ್ಮಾರ್ಟ್‌ಫೋನ್ ಮಗುವಿನ ಕೈಯಲ್ಲಿರುತ್ತದೆ. ಇಂತಹ ಅನೇಕ ಮನೆಗಳಿಗೆ ಆ ಫೋನು ಬಂದದ್ದು ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕಾಗಿ. ಪಾಠ ಮುಗಿದರೂ ಫೋನು ಉಳಿಯಿತು, ಅದರೊಳಗೆ ಆಟ ಸೇರಿಕೊಂಡಿತು. ಸಿಮ್ ತಂದೆಯದು, ಇಮೇಲ್ ಖಾತೆ ತಾಯಿಯದು, ಬೆರಳು ಮಾತ್ರ ಹತ್ತು ವರ್ಷದ ಮಗುವಿನದು. ಆಟ ತೆರೆದೊಡನೆ ಫೋನಿನ ಸ್ಥಳ, ಮೈಕು, ಸಂಪರ್ಕ ಪಟ್ಟಿ, ಚಿತ್ರಗಳಿಗೆ ಒಂದರ ಹಿಂದೆ ಒಂದರಂತೆ ಅನುಮತಿ ಕೇಳುವ ಚೌಕಗಳು ಮೂಡುತ್ತವೆ. ಒಪ್ಪಿಗೆಯ ಗುಂಡಿ ದೊಡ್ಡದಾಗಿ ಹೊಳೆಯುತ್ತದೆ. ನಿರಾಕರಣೆಯ ಅಕ್ಷರಗಳು ಮಸುಕಾಗಿರುತ್ತವೆ. ಖಾಸಗಿತನ ನೀತಿ ಎಂಬ ಹೆಸರಿನ ಹತ್ತಾರು ಪುಟಗಳ ದಾಖಲೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಆ ಮನೆಯಲ್ಲಿ ಓದುವವರು ಯಾರೂ ಇಲ್ಲ. ಹುಟ್ಟಿದ ವರ್ಷ ಕೇಳಿದರೆ ಮಗು ಬಾಯಿಗೆ ಬಂದ ಒಂದು ವರ್ಷ ಒತ್ತಿ ಮುಂದೆ ಹೋಗುತ್ತದೆ. ಆ ಕ್ಷಣದಿಂದ ಕಂಪನಿಯ ಲೆಕ್ಕದಲ್ಲಿ ಆ ಮಗು ಸಮ್ಮತಿ ನೀಡಿದ ವಯಸ್ಕ ಗ್ರಾಹಕ.

ಹೀಗೆ ಪಡೆದ ಸಮ್ಮತಿಯ ಬಲದಿಂದ ಸಂಗ್ರಹವಾಗುವುದು ಹೆಸರು, ವಿಳಾಸಗಳಿಗೆ ಸೀಮಿತವಾಗಿದ್ದರೆ ಆತಂಕಕ್ಕೂ ಒಂದು ಮಿತಿ ಇರುತ್ತಿತ್ತು. ಮಗು ದಿನದ ಯಾವ ಹೊತ್ತಿನಲ್ಲಿ ಆಡುತ್ತದೆ, ಎಷ್ಟು ಬಾರಿ ಸೋತ ಮೇಲೆ ಕೈಬಿಡುತ್ತದೆ, ಯಾವ ಆಮಿಷಕ್ಕೆ ಮರಳಿ ಬರುತ್ತದೆ, ಯಾರೊಂದಿಗೆ ಮಾತನಾಡುತ್ತದೆ, ಎಲ್ಲಿ ಕುಳಿತು ಆಡುತ್ತದೆ ಎಂಬುದೆಲ್ಲ ಕ್ಷಣಕ್ಷಣವೂ ದಾಖಲಾಗಬಲ್ಲದು. ಗೆಲುವಿನ ಹಂಬಲ, ಸೋಲಿನ ಹತಾಶೆ, ಕಾಯುವ ತಾಳ್ಮೆ ಇವು ಮನುಷ್ಯ ಸ್ವಭಾವದ ಅತ್ಯಂತ ಆಪ್ತ ಲಕ್ಷಣಗಳು. ಆಟದಲ್ಲಿ ಅವು ಮುಚ್ಚುಮರೆಯಿಲ್ಲದೆ ಹೊರಬೀಳುತ್ತವೆ. ಆ ಚಿತ್ರಣವು ಆಟ ರಚಿಸಿದ ಕಂಪನಿಯ ಬಳಿಯೇ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಬಹುತೇಕ ಉಚಿತ ಆಟಗಳ ಒಳಗೆ ಜಾಹೀರಾತು ಸಂಸ್ಥೆಗಳ ತಂತ್ರಾಂಶದ ತುಣುಕುಗಳು ಅಡಗಿರುತ್ತವೆ. ಗ್ರೇವಿ ಅನಲಿಟಿಕ್ಸ್ ಎಂಬ ಅಮೆರಿಕದ ದತ್ತಾಂಶ ವ್ಯಾಪಾರಿ ಸಂಸ್ಥೆಯಿಂದ ಸೋರಿದ ಕಡತಗಳು 2025ರ ಜನವರಿಯಲ್ಲಿ ಬಯಲಾದಾಗ, ಜನರ ಚಲನವಲನದ ಮಾಹಿತಿಯೊಂದಿಗೆ ಹೆಸರಿಸಲಾದ ಆ್ಯಪ್‌ಗಳ ಪಟ್ಟಿಯಲ್ಲಿ ಮನೆಮನೆಯ ಕ್ಯಾಂಡಿ ಕ್ರಶ್ ಕೂಡ ಇತ್ತು. ಬೀದಿಬೀದಿ ಅಲೆದು ಪೋಕೆಮಾನ್ ಗೋ ಆಡಿದವರು ಸೆರೆಹಿಡಿದುಕೊಟ್ಟ ದೃಶ್ಯಗಳು ಭೂದೃಶ್ಯವನ್ನು ಗ್ರಹಿಸುವ ಕೃತಕ ಬುದ್ಧಿಮತ್ತೆಯ ಮಾದರಿಗೆ ಬಳಕೆಯಾದವು; 2025ರಲ್ಲಿ ಆ ಆಟವು ಸೌದಿ ಅರೇಬಿಯಾದ ಸಾರ್ವಭೌಮ ನಿಧಿಗೆ ಸೇರಿದ ಕಂಪನಿಯ ಸ್ವತ್ತಾಯಿತು. ಆಡುವಾಗ ಒಪ್ಪಿಗೆ ಕೊಟ್ಟವರಿಗೆ ಈ ಕೈಬದಲಾವಣೆಯನ್ನು ತಡೆಯುವ ಅಧಿಕಾರ ಇರಲಿಲ್ಲ.

ಇಷ್ಟು ಗಂಭೀರವಾದ ವಿಷಯವನ್ನು ನಮ್ಮ ಸರ್ಕಾರಗಳು ಯಾವ ಕಣ್ಣಿನಿಂದ ನೋಡಿವೆ ಎಂಬುದನ್ನು ಪರಿಶೀಲಿಸಿದರೆ ನಿರಾಶೆಯೇ ಗತಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ನಿಷೇಧಿಸಿತು. ಬಳಕೆದಾರರ ದತ್ತಾಂಶವನ್ನು ಕದ್ದು ದೇಶದ ಹೊರಗಿನ ಸರ್ವರ್‌ಗಳಿಗೆ ರವಾನಿಸಲಾಗುತ್ತಿದೆ ಎಂಬ ದೂರುಗಳನ್ನು ಅದು ಕಾರಣವಾಗಿ ನೀಡಿತು. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಮರಳಿತು. ಸರ್ವರ್ ಯಾವ ದೇಶದಲ್ಲಿದೆ ಎಂಬ ಪ್ರಶ್ನೆಗೆ ದೊರೆತ ಮಹತ್ವ, ಅಷ್ಟೊಂದು ಮಾಹಿತಿಯನ್ನು ಸಂಗ್ರಹಿಸುವುದೇಕೆ ಎಂಬ ಪ್ರಶ್ನೆಗೆ ದೊರೆಯಲಿಲ್ಲ. ರಾಜ್ಯ ಸರ್ಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆಮೇಲೆ ನಡೆದದ್ದು ಆಟದ ಕಂಪನಿಗಳ ಜಿಎಸ್‌ಟಿ ಬಾಕಿಯ ವ್ಯಾಜ್ಯ. ಜೂಜು, ತೆರಿಗೆ, ರಾಷ್ಟ್ರೀಯ ಭದ್ರತೆ ಈ ಮೂರರ ಸುತ್ತಲೇ ಪ್ರಭುತ್ವದ ಚಿಂತನೆ ಸುತ್ತಿತು. ಆಡುವ ವ್ಯಕ್ತಿ ಆ ಚಿಂತನೆಯ ಕೇಂದ್ರಕ್ಕೆ ಬರಲೇ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ವರ್ಷಕ್ಕೆ 45 ಕೋಟಿ ಜನರು ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರದ್ದೇ ಅಂದಾಜು. ನೆಲಮಂಗಲ, ಹೊಸಕೋಟೆಗಳ ಗೋದಾಮುಗಳಲ್ಲಿ ದುಡಿಯುವ ಯುವಕರೂ ರಮ್ಮಿ ಆ್ಯಪ್‌ಗಳ ಸೆಳೆತಕ್ಕೆ ಹೊರತಾಗಿರಲಿಲ್ಲ. ಹಣದ ಹರಿವು ನಿಂತಿತೆಂದು ಒಪ್ಪಿಕೊಳ್ಳೋಣ. ಆದರೆ ಆ ಕೋಟ್ಯಂತರ ಜನರು ಆಟಕ್ಕೆ ಪ್ರವೇಶಿಸುವಾಗ ಕೊಟ್ಟ ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರಗಳು, ಅವರ ಸೋಲು ಗೆಲುವುಗಳ ಇತಿಹಾಸ, ಯಾವ ಹಂತದಲ್ಲಿ ಅವರು ಸಾಲ ಮಾಡಿಯಾದರೂ ಮತ್ತೆ ಹಣ ಹೂಡುತ್ತಾರೆ ಎಂಬ ಅರಿವು ಎಲ್ಲಿ ಹೋಯಿತು? ನಿಷೇಧಿಸಿದ ಕಾಯ್ದೆ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ವ್ಯಾಪಾರ ನಿಂತರೂ ಕಂಪನಿಗಳು ಉಳಿದಿವೆ, ಹೊಸ ವ್ಯವಹಾರಗಳನ್ನು ಹುಡುಕುತ್ತಿವೆ. ಅವುಗಳ ಕೈಯಲ್ಲಿ ಉಳಿದಿರುವ ದೊಡ್ಡ ಆಸ್ತಿ ಈ ಮಾಹಿತಿಯೇ. ಗ್ರಾಹಕರು ತಮ್ಮ ಎದುರಾಳಿ ಮನುಷ್ಯನೆಂದು ನಂಬಿ ಸಾಫ್ಟ್‌ವೇರ್‌ನೊಂದಿಗೆ ಆಡುವಂತೆ ಮಾಡಲಾಗಿತ್ತು ಎಂದು ಜಾರಿ ನಿರ್ದೇಶನಾಲಯವು 2025ರ ನವೆಂಬರ್‌ನಲ್ಲಿ ವಿಂಝೋ ಕಂಪನಿಯ ವಿರುದ್ಧ ಮಾಡಿದ ಆರೋಪವು ನ್ಯಾಯಾಲಯದಲ್ಲಿ ಸಾಬೀತಾಗಬೇಕಿದೆ. ಆದರೂ ಆಟಗಾರನಿಗೆ ತನ್ನ ಎದುರಾಳಿಯ ಬಗ್ಗೆ ಏನೂ ತಿಳಿಯದೆ, ವೇದಿಕೆಗೆ ಮಾತ್ರ ಆಟಗಾರನ ಬಗ್ಗೆ ಎಲ್ಲವೂ ತಿಳಿದಿರುವ ವ್ಯವಸ್ಥೆ ಎಷ್ಟು ಅಪಾಯಕಾರಿ ಎಂಬುದನ್ನು ಆ ಆರೋಪವೇ ಸೂಚಿಸುತ್ತದೆ.

ಇದಕ್ಕೆ ತಂತ್ರಜ್ಞಾನದ ಅನಿವಾರ್ಯತೆ ಎಂಬ ಸಮಜಾಯಿಷಿ ಹೇಳುವವರು ಅಮೆರಿಕದ ಒಂದು ಪ್ರಕರಣವನ್ನು ಗಮನಿಸಬೇಕು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿಯು ಹದಿಮೂರು ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪದ ಮೇಲೆ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಒಪ್ಪಂದದಂತೆ 27.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಮಕ್ಕಳು ಅಪರಿಚಿತರೊಂದಿಗೆ ಧ್ವನಿ ಸಂಭಾಷಣೆ ನಡೆಸುವ ಸೌಲಭ್ಯವು ಆ ಆಟದಲ್ಲಿ ಮೊದಲಿನಿಂದಲೇ ತೆರೆದಿರುವಂತೆ ರೂಪಿಸಲಾಗಿತ್ತು. ಅದನ್ನು ಬದಲಿಸಬೇಕೆಂದು ಕಂಪನಿಯ ನೌಕರರೇ ಒತ್ತಾಯಿಸಿದ್ದರು ಎಂದು ಆಯೋಗ ಹೇಳಿತ್ತು. ಕಿಟಕಿ ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ವೇತನ ಪಡೆಯುವ ಮನುಷ್ಯರು ಸಭೆ ಸೇರಿ ತೀರ್ಮಾನಿಸುತ್ತಾರೆ. ಆದ್ದರಿಂದ ಅದರ ಪರಿಣಾಮಗಳಿಗೆ ಉತ್ತರದಾಯಿಗಳೂ ಅವರೇ.

ಬೆಂಗಳೂರು ಗ್ರಾಮಾಂತರದ ಜನರು ಸಮ್ಮತಿಯ ಬೆಲೆ ಅರಿಯದವರೇನಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ಪಡೆಯಲು ಸರ್ಕಾರ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅಲ್ಲಿ ಅಧಿಸೂಚನೆ ಇತ್ತು, ಸರ್ವೆ ನಂಬರ್ ಇತ್ತು, ಆಕ್ಷೇಪಣೆ ಸಲ್ಲಿಸಲು ಅಧಿಕಾರಿ ಇದ್ದರು, ಪ್ರಶ್ನಿಸಲು ಮುಖ್ಯಮಂತ್ರಿ ಇದ್ದರು. ಅದೇ ರೈತರ ಮಕ್ಕಳಿಂದ ಅದೇ ವರ್ಷಗಳಲ್ಲಿ ಪಡೆದುಕೊಂಡ ಮಾಹಿತಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಕಳೆದುಕೊಂಡದ್ದು ಕಣ್ಣಿಗೆ ಕಾಣದಿದ್ದರೆ ಪ್ರತಿಭಟನೆಯೂ ಹುಟ್ಟುವುದಿಲ್ಲ. ಈ ವ್ಯಾಪಾರವು ಇಷ್ಟು ನಿರಾತಂಕವಾಗಿ ಬೆಳೆದಿರುವುದು ಆ ಮೌನದ ಆಸರೆಯಲ್ಲಿಯೇ.

ಪೂರ್ಣವಾಗಿ ಜಾರಿಯಾಗಬೇಕಿರುವ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದು ನಾವು ಹೇಳುವುದಿಲ್ಲ. ಹದಿನೆಂಟು ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು, ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ನೀಡುವುದನ್ನೂ ನಿಷೇಧಿಸಿ ಅದರ 9ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಮಾಹಿತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು ಎಂಬ ನಿಯಮದಿಂದ ಕನ್ನಡದ ಪೋಷಕರಿಗೆ ತಮ್ಮ ಭಾಷೆಯಲ್ಲಿ ಉತ್ತರ ಕೇಳುವ ಅಧಿಕಾರ ದೊರೆಯುತ್ತದೆ. ಆದರೆ ಒಂದೇ ಫೋನಿನ ಮನೆಯಲ್ಲಿ ಮಗುವನ್ನು ಮಗುವೆಂದು ಗುರುತಿಸುವುದು ಹೇಗೆ ಎಂಬುದಕ್ಕೆ ಕಾಯ್ದೆಯಲ್ಲಿ ನೆಚ್ಚಬಹುದಾದ ಉತ್ತರವಿಲ್ಲ. ಪೋಷಕರ ಗುರುತು ಪರಿಶೀಲಿಸುವ ಹೆಸರಿನಲ್ಲಿ ಇನ್ನಷ್ಟು ದಾಖಲೆಗಳು ಕಂಪನಿಗಳ ಕೈ ಸೇರುವ ಅಪಾಯವೂ ಇದೆ. ವಸೂಲಾದ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ; ನೊಂದ ಕುಟುಂಬಕ್ಕೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಸೆಕ್ಷನ್ನನ್ನೂ ಈ ಶಾಸನ ಕಿತ್ತುಹಾಕುತ್ತದೆ. ಹಾನಿ ಮಗುವಿಗೆ, ಹಣ ಖಜಾನೆಗೆ ಎಂಬ ಈ ಏರ್ಪಾಡನ್ನು ನ್ಯಾಯವೆಂದು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ.

ಹೊಣೆಯನ್ನು ಪೋಷಕರ ಮೇಲೆ ಜಾರಿಸುವುದು ಸುಲಭ, ಮತ್ತು ಈವರೆಗೆ ನಡೆದಿರುವುದೂ ಅದೇ. ಪಾಳಿ ಮುಗಿಸಿ ಮನೆಗೆ ಬಂದ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆಯು ನುರಿತ ವಕೀಲರು ಬರೆದ ಕರಾರನ್ನು ಓದಿ ಮಗುವನ್ನು ಕಾಯಬೇಕೆಂದು ನಿರೀಕ್ಷಿಸುವ ವ್ಯವಸ್ಥೆಯು ತನ್ನ ಕರ್ತವ್ಯದಿಂದ ವಿಮುಖವಾಗಿದೆ. ದೇಶದ ಗೇಮಿಂಗ್ ಉದ್ಯಮದ ದೊಡ್ಡ ಹೆಸರುಗಳಲ್ಲಿ ಹಲವು ಬೆಂಗಳೂರಿನಲ್ಲೇ ಇವೆ. ಕಾನೂನಿನ ಗಡುವು ಬರುವ ತನಕ ಕಾಯದೆ ಮಕ್ಕಳ ಮಾಹಿತಿ ಸಂಗ್ರಹವನ್ನು ನಿಲ್ಲಿಸಲು, ಮುಚ್ಚಿದ ಹಣದಾಟಗಳ ಗ್ರಾಹಕರ ವಿವರಗಳಲ್ಲಿ ಕಾನೂನು ಉಳಿಸಿಕೊಳ್ಳಲು ಹೇಳಿದ್ದನ್ನು ಬಿಟ್ಟು ಮಿಕ್ಕದ್ದನ್ನು ಅಳಿಸಲು ಅವುಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ರಾಜ್ಯ ಸರ್ಕಾರವು ಈ ಉದ್ಯಮದ ಬೆಳವಣಿಗೆಯನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುವಾಗ ಅದರಿಂದ ಆಗುವ ಹಾನಿಯ ಲೆಕ್ಕವನ್ನೂ ಇಡಬೇಕು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಈ ಕುರಿತು ವಿಚಾರಣೆ ನಡೆಸುವ ಅಧಿಕಾರವಿದೆ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಬೀದಿದೀಪಗಳ ಜೊತೆಗೆ ಈ ವಿಷಯವೂ ಚರ್ಚೆಗೆ ಬರಬೇಕು.

ಪ್ರಧಾನ ಹೊಣೆ ಕೇಂದ್ರದ್ದು. ಕಾಯ್ದೆಯ ಬೇರೆ ಬೇರೆ ಸೆಕ್ಷನ್‌ಗಳನ್ನು ಬೇರೆ ಬೇರೆ ದಿನಾಂಕಗಳಂದು ಜಾರಿಗೊಳಿಸಲು ಸಂಸತ್ತು ಅದಕ್ಕೆ ಅಧಿಕಾರ ಕೊಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಯನ್ನು ಮೊಟಕುಗೊಳಿಸುವ ಸೆಕ್ಷನ್ನನ್ನು ನಿಯಮಗಳ ಜೊತೆಯಲ್ಲೇ, 2025ರ ನವೆಂಬರ್‌ನಲ್ಲೇ, ಒಂದು ದಿನವೂ ಕಾಯದೆ ಜಾರಿಗೆ ತಂದ ಸರ್ಕಾರವು ಮಕ್ಕಳನ್ನು ಕಾಯುವ ಸೆಕ್ಷನ್ನಿಗೆ ಮಾತ್ರ ಹದಿನೆಂಟು ತಿಂಗಳ ಗಡುವು ಕೊಟ್ಟಿತು. ಅದನ್ನು ಸರಿಪಡಿಸಲು ಹೊಸ ಮಸೂದೆ ಬೇಕಿಲ್ಲ, ಹೊಸ ಸಮಿತಿ ಬೇಕಿಲ್ಲ. 9ನೇ ಸೆಕ್ಷನ್ ಕೂಡಲೇ ಜಾರಿಗೆ ಬರುವಂತೆ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು. ಅದು ಹೊರಡದೆ ಉರುಳುವ ಪ್ರತಿಯೊಂದು ತಿಂಗಳಿಗೂ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವೇ ದೇಶಕ್ಕೆ ಉತ್ತರ ಹೇಳಬೇಕು.