ಅಜ್ಜಿಯ ಮರೆವು ಅಳೆಯಲು ಯಾವ ಪ್ರಶ್ನೆ?

ಶಾಲೆಯ ಮೆಟ್ಟಿಲು ಹತ್ತದ, ಬೆಂಗಳೂರಿನ ವಿಜಯನಗರದ ಅಜ್ಜಿಯೊಬ್ಬರಿಗೆ ‘ನೂರರಿಂದ ಏಳೇಳು ಕಳೆಯುತ್ತ ಹೋಗಿ’ ಎಂದರೆ ತಬ್ಬಿಬ್ಬಾಗುತ್ತಾರೆ. ಸೊಪ್ಪಿನವಳೊಂದಿಗೆ ಚೌಕಾಸಿ ಮಾಡಿ, ಚಿಲ್ಲರೆ ಎಣಿಸಿ ಸೆರಗಿಗೆ ಕಟ್ಟಿಕೊಳ್ಳುವವರೂ ಅವರೇ. ಅವರದು ಡಿಮೆನ್ಷಿಯಾನೋ, ಓದಿಲ್ಲದ್ದೋ?

ಈ ಗೊಂದಲ ಹೊಸದಲ್ಲ. ಅಮೆರಿಕದಲ್ಲಿ 1975ರಲ್ಲಿ ರೂಪುಗೊಂಡ ನೆನಪು-ಬುದ್ಧಿ ಅಳೆಯುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆ ಒಂದು ವಾಕ್ಯ ಬರೆಯಲು ಹೇಳುತ್ತದೆ. ತೊಂಬತ್ತರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅದನ್ನು ಹಿಂದಿಗೆ ಒಗ್ಗಿಸಿದಾಗ, ಬರೆಯುವ ಬದಲು ಬಾಯಲ್ಲಿ ಹೇಳಿದರೆ ಸಾಕು ಎಂದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಇದು ದೊಡ್ಡ ಕೆಲಸ.

ಆದರೆ ಕಾಯಿಲೆ ಇದೆಯೇ ಎನ್ನುವುದು ಒಂದು ಪ್ರಶ್ನೆ, ಎಷ್ಟು ಮುಂದುವರಿದಿದೆ ಎನ್ನುವುದು ಇನ್ನೊಂದು. ಔಷಧ, ಆರೈಕೆ, ಮನೆಯವರ ಸಿದ್ಧತೆ ಎಲ್ಲ ನಿಂತಿರುವುದು ಎರಡನೆಯದರ ಮೇಲೆ. ಅದನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಿಡಿಆರ್ ಮಾಪನ ನೆನಪು, ದಿಕ್ಕು-ದಿನದ ಅರಿವು, ವಿವೇಚನೆ, ಹೊರಗಿನ ಓಡಾಟ, ಮನೆಗೆಲಸ-ಹವ್ಯಾಸ, ಸ್ವಂತ ಆರೈಕೆ ಎಂಬ ಆರು ವಿಷಯಗಳನ್ನು ನೋಡಿ 0ಯಿಂದ 3ರವರೆಗೆ ದರ್ಜೆ ಕೊಡುತ್ತದೆ. ಹೆಚ್ಚಿನ ತೂಕ ಮನೆಯವರ ಮಾತಿನ ಮೇಲೆ. ನಮ್ಮಲ್ಲಿ ಎಡವುವುದೂ ಅಲ್ಲೇ. ಲೆಕ್ಕಪತ್ರವನ್ನು ಎಂದೂ ನೋಡಿರದ ಹೆಂಗಸಿಗೆ ‘ಬ್ಯಾಂಕ್ ವ್ಯವಹಾರ ಬಿಟ್ಟಿದ್ದಾರೆಯೇ’ ಎಂಬ ಪ್ರಶ್ನೆಯೇ ಹೊಂದುವುದಿಲ್ಲ. ಸೊಸೆ ಅಡುಗೆಮನೆ ವಹಿಸಿಕೊಂಡಿದ್ದರೆ ಅತ್ತೆಯ ಕುಸಿತ ಯಾರಿಗೂ ಕಾಣದು. ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ಮನೆಮಂದಿ ಸುಮ್ಮನಾಗುತ್ತಾರೆ.

ಕೇಳಬೇಕಾದ್ದು ಬೇರೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿದೆಯೇ? ಒಬ್ಬಟ್ಟಿಗೆ ಹೂರಣ ಮಾಡಿಟ್ಟು ಕಣಕ ಕಲಸುವುದನ್ನೇ ಮರೆತರೇ? ರಾಜಾಜಿನಗರದ ನಿವೃತ್ತ ಕಾರ್ಮಿಕರು ರಾಮಮಂದಿರದಿಂದ ಒಬ್ಬರೇ ಮನೆಗೆ ಬರುತ್ತಾರೆಯೇ? ಬಸವೇಶ್ವರನಗರದ ನಿವೃತ್ತ ಅಧಿಕಾರಿಯ ಕಥೆಯೇ ಬೇರೆ: ಓದಿನ ಬಲದಿಂದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು, ಅದೇ ವಾರ ಎರಡು ಸಲ ವಿದ್ಯುತ್ ಬಿಲ್ ಕಟ್ಟಿರಬಹುದು.

ಇಂಥ ಪ್ರಶ್ನೆಗಳನ್ನು ಬರೆದಿಟ್ಟರೆ ಸಾಲದು, ಒರೆಗೆ ಹಚ್ಚಬೇಕು. ತಜ್ಞರು ಖಚಿತಪಡಿಸಿದ ರೋಗಿಗಳಿಗೂ ಅದೇ ವಯಸ್ಸು, ಅದೇ ಓದಿನ ಆರೋಗ್ಯವಂತರಿಗೂ ಕೇಳಿ ನೋಡಬೇಕು. ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ಕೊಟ್ಟ ದರ್ಜೆ ತಾಳೆಯಾಗಬೇಕು. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರನ್ನೂ ಕೆಂಗೇರಿಯ ಆಚೆಯ ಹಳ್ಳಿಗಳವರನ್ನೂ ಬಿಡುವಂತಿಲ್ಲ.

ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಶುರುಮಾಡಿದೆ. ದಾರಿ ತೆರೆದಿರುವುದರಿಂದ, ಇಂಥ ಅಧ್ಯಯನಕ್ಕೆ ಅದರ ಬಜೆಟ್‌ನಲ್ಲೇ ಪ್ರತ್ಯೇಕ ಹಣ ಇಡಬೇಕು. ಕಾರ್ಮಿಕ ಕುಟುಂಬಗಳು ದಿನವೂ ಬರುವ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದಲೇ ಅದು ಆರಂಭವಾಗಬಹುದು.